ಓಡುವ ಕಾಲಿಗೆ ಕೆಲಸ

ಯಲ್ಲಾಪುರ ಸೀಮೆಯ ನಮ್ಮ ನಂದೊಳ್ಳಿ ಕಡೆ ಡಿಸೆಂಬರ್ ಕಳೆಯುವ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೊನೆಗೌಡ ಮರದಿಂದ ಮರಕ್ಕೆ ದಾಟುತ್ತ ಇಳಿಸಿದ ಕೊನೆಗಳಲ್ಲಿ ಹಸಿಯಿದ್ದದ್ದನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಹಣ್ಣಾದದ್ದು ಸಿಪ್ಪೆ ಸಮೇತ ಅಟ್ಟ ಹತ್ತುತ್ತದೆ. ಅದು ಒಣಗಿ ಚಾಲಿಯಾಗಬೇಕಾದರೆ 40–45 ದಿನದ ಬಿಸಿಲು ಬೇಕು. ಹರವಿದ ಅಡಿಕೆಯನ್ನು ನಡುನಡುವೆ ಮಗುಚದಿದ್ದರೆ ಅಡಿಭಾಗ ಒಣಗದೆ ಬೂಷ್ಟು ಹಿಡಿದು ದರ ಬಿದ್ದುಹೋಗುತ್ತದೆ. ದೊಡ್ಡವರಿಗೆ ಇಷ್ಟೆಲ್ಲ ಚಿಂತೆಯ ಜಾಗವಾದ ಆ ಅಟ್ಟ ಮಕ್ಕಳ ಕಣ್ಣಿಗೆ ಆಟದ ಬಯಲು. ಅಣ್ಣನ ಮಗನಿಗೆ ಆರೇಳು ವರ್ಷ ಇದ್ದಾಗ ಶಾಲೆಯಿಂದ ಬಂದವನೇ ಪಾಟೀಚೀಲ ಜಗಲಿಗೆ ಎಸೆದು ಅಟ್ಟಕ್ಕೆ ಹಾರುತ್ತಿದ್ದ. ಓಡಿದಲ್ಲೆಲ್ಲ ಅಡಿಕೆ ಚೆಲ್ಲಾಪಿಲ್ಲಿ. ಅರ್ಧ ಅಂಗಳಕ್ಕೆ ಉದುರುತ್ತಿತ್ತು, ಉಳಿದದ್ದು ಮೂಲೆಯಲ್ಲಿ ಗುಪ್ಪೆಯಾಗುತ್ತಿತ್ತು. ಅಣ್ಣ ಬೈದ, ಅತ್ತಿಗೆ ಕಿವಿ ಹಿಂಡಿದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಅದೇ ಓಟ.

ಒಂದು ಸಂಜೆ ನಮ್ಮ ಆಯಿ ತಾನೇ ಅಟ್ಟ ಹತ್ತಿ ಅವನ ಕೈ ಹಿಡಿದುಕೊಂಡಳು. "ಓಡವು ಹೇಳಿ ಇದ್ರೆ ಇಲ್ಲೇ ಓಡು ತಮಾ. ಆದ್ರೆ ಕಾಲು ಎತ್ತದೇ ಓಡವು" ಎಂದಳು. ಪಾದವನ್ನು ಹಲಗೆಗೆ ಒತ್ತಿ, ಅಡಿಕೆಯ ನಡುವೆ ಗೀರೆಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗಿ ತೋರಿಸಿದಳು. ಅಡಿಕೆ ಮಗುಚುವ ರೀತಿಯೇ ಅದು, ನಮ್ಮಲ್ಲಿ ಎಲ್ಲರೂ ಹಾಗೆ ಕಾಲಿನಲ್ಲೇ ಮಗುಚುತ್ತಾರೆ. ಹುಡುಗ ಒಂದು ಸಾಲು ಎಳೆದ, ಸಾಲು ಸೊಟ್ಟಗಾಯಿತು. ಆಯಿ ಏನೂ ಹೇಳಲಿಲ್ಲ, ಎರಡನೆಯ ಸಾಲನ್ನು ಅವನ ಜೊತೆಗೇ ಎಳೆದಳು. ಮೂರನೆಯದು ನೆಟ್ಟಗೆ ಬಂತು. ಮಾರನೆಯ ದಿನದಿಂದ ಆ ಅಟ್ಟದ ಸಂಜೆಯ ಮಗುಚುವಿಕೆ ಅವನ ಪಾಲಿಗೆ ಬಂತು. ಯಾರಾದರೂ ತಪ್ಪಿ ಅಟ್ಟ ಹತ್ತಿದರೆ "ಕಾಲೆತ್ತಡಿ" ಎಂದು ಅವನೇ ಕೂಗುತ್ತಿದ್ದ.

ಮಕ್ಕಳನ್ನು ತಿದ್ದುವ ಮಾತು ಬಂದಾಗಲೆಲ್ಲ ನನಗೆ ಆಯಿಯ ಈ ರೀತಿಯೇ ಸರಿ ಅನ್ನಿಸುತ್ತದೆ. ಆ ಹುಡುಗನಿಗೆ ಅಡಿಕೆ ಹಾಳುಮಾಡುವ ಆಸೆ ಇರಲಿಲ್ಲ. ದಿನವಿಡೀ ಬೆಂಚಿನ ಮೇಲೆ ಕುಳಿತ ಕಾಲು ಓಡಬೇಕೆಂದಿತ್ತು, ಅಷ್ಟೆ. ಆಯಿ ಓಟವನ್ನು ನಿಲ್ಲಿಸದೆ ಅದಕ್ಕೊಂದು ದಾರಿ ಕೊಟ್ಟಳು. ತಪ್ಪು ಮಾಡುತ್ತಿದ್ದ ಕಾಲಿಗೇ ಸರಿಯಾದ ಕೆಲಸ ಸಿಕ್ಕಿತು. ಬರಿಯ ಬೈಗುಳದಲ್ಲಿ ಇದು ಇರುವುದಿಲ್ಲ. ಅದು ಮಾಡಬೇಡ, ಇದು ಮುಟ್ಟಬೇಡ, ಅಲ್ಲಿ ಹೋಗಬೇಡ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತೇವೆ. ಹಾಗಾದರೆ ಏನು ಮಾಡಲಿ ಎಂದು ಮಗು ಕೇಳುವುದಿಲ್ಲ. ಕೇಳಿದರೆ ಅದನ್ನು ಎದುರುತ್ತರವೆಂದು ಎಣಿಸಿ ಇನ್ನೊಂದು ಏಟು ಕೊಡುತ್ತೇವೆ.

ನಾವು ಸಣ್ಣವರಿದ್ದಾಗ ಜಗಲಿಯ ಮಾಡಿನ ಸಂದಿಯಲ್ಲಿ ಹೊಡೆಯಲೆಂದು ಲಕ್ಕಿ ಗಿಡದ ಬರಲು ಸಿಕ್ಕಿಸಿಟ್ಟಿರದ ಮನೆ ಇರಲಿಲ್ಲ. ಬೇಲಿಯಿಂದ ಹಸಿಯಾಗಿ ಮುರಿದು ತಂದದ್ದರ ಚುರುಕು ಹೆಚ್ಚು. ಮೊಣಕಾಲ ಹಿಂಭಾಗದಲ್ಲಿ ಬಾಸುಂಡೆ ಎದ್ದರೆ ಸ್ನಾನದ ಬಿಸಿನೀರು ಬಿದ್ದಾಗ ಜೀವ ಹೋಗುತ್ತಿತ್ತು. ಹೊಡೆದವರು ಕೆಟ್ಟವರಾಗಿರಲಿಲ್ಲ. ಅವರಿಗೂ ಅದೇ ಬರಲಿನಲ್ಲಿ ಬಿದ್ದಿತ್ತು. ಐದು ವರ್ಷ ಮುದ್ದುಮಾಡು, ಹತ್ತು ವರ್ಷ ಹೊಡೆ, ಹದಿನಾರಾದ ಮೇಲೆ ಗೆಳೆಯನ ಹಾಗೆ ಕಾಣು ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದು ಊರಿನ ಹಿರಿಯರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆ ಶ್ಲೋಕದ ಮೂರು ಮಾತಿನಲ್ಲಿ ನಡುವಿನದೊಂದನ್ನೇ ಊರೆಲ್ಲ ಪಾಲಿಸಿತು. ಹದಿನಾರರ ಮಗನೊಡನೆ ಗೆಳೆಯನಂತೆ ಕುಳಿತು ಮಾತಾಡಿದ ಅಪ್ಪಂದಿರು ನನ್ನ ನೆನಪಿನಲ್ಲಿ ಬಹಳ ಕಡಿಮೆ.

ಏಟು ಬಿದ್ದರೆ ಮಕ್ಕಳು ಏನನ್ನೂ ಕಲಿಯುವುದಿಲ್ಲ ಎಂದರೆ ತಪ್ಪಾದೀತು. ಬಹಳ ಕಲಿಯುತ್ತಾರೆ. ಯಾರ ಕಣ್ಣೆದುರು ಮಾಡಬಾರದು, ಯಾರ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದು, ಯಾವ ಸುಳ್ಳು ನಿಲ್ಲುತ್ತದೆ, ದೊಡ್ಡವನಾದ ಮೇಲೆ ತನಗಿಂತ ಸಣ್ಣವನಿಗೆ ಎಲ್ಲಿ ಹೊಡೆದರೆ ನೋವು ಹೆಚ್ಚು ಎಂಬುದೆಲ್ಲ ತಿಳಿಯುತ್ತದೆ. ತಿಳಿಯದೆ ಉಳಿಯುವುದು ಒಂದೇ, ಮುಂದಿನ ಸಲ ಅದೇ ಆಸೆ ಹುಟ್ಟಿದಾಗ ಏನು ಮಾಡಬೇಕೆಂಬುದು.

ಶಾಲೆಯ ಮಟ್ಟಿಗೆ ಕಾನೂನು ಬಂದು ಕಾಲವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಬಾರದೆಂದು ನೇರವಾಗಿ ಹೇಳಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಅದಕ್ಕೂ ಹಿಂದೆ, 1992ರಲ್ಲಿ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ನಮ್ಮ ದೇಶ ಒಪ್ಪಿಕೊಂಡಿತ್ತು. ಶಾಲೆಗಳಲ್ಲಿ ಬೆತ್ತ ಕಡಿಮೆಯಾಗಿದೆ, ಸಂತೋಷ. ಆದರೆ ಎಷ್ಟೋ ಮಾಸ್ತರರು, ಅಕ್ಕೋರು ನನ್ನ ಬಳಿ ಹೇಳಿಕೊಂಡ ಸಂಕಟವೂ ನಿಜ: "ಹೊಡೀಬೇಡಿ ಅಂತ ಆದೇಶ ಬಂತು, ಹಾಗಾದ್ರೆ ಏನು ಮಾಡಬೇಕು ಅಂತ ಯಾರೂ ಕೂತು ಹೇಳಲಿಲ್ಲ." ಮಗುವಿಗೆ ನಾವು ಮಾಡುವ ಅನ್ಯಾಯವೇ ಇಲ್ಲಿ ಮಾಸ್ತರರಿಗೆ ಆಗಿದೆ.

ಸ್ವೀಡನ್ ದೇಶ ಈ ವಿಷಯದಲ್ಲಿ ಬುದ್ಧಿವಂತಿಕೆ ತೋರಿತು. ಮನೆಯಲ್ಲೂ ಮಕ್ಕಳಿಗೆ ಹೊಡೆಯಬಾರದೆಂದು ಜಗತ್ತಿನಲ್ಲಿ ಮೊದಲು ಕಾನೂನು ತಂದದ್ದು ಅದು, 1979ರಲ್ಲಿ. ಕಾನೂನು ಮಾಡಿ ಸುಮ್ಮನಾಗಲಿಲ್ಲ. ಹೊಡೆಯದೆ ಮಕ್ಕಳನ್ನು ಬೆಳೆಸುವುದು ಹೇಗೆಂಬ ಪುಸ್ತಿಕೆಯನ್ನು ಮನೆಗಳಿಗೆ ಹಂಚಿತು, ಹಾಲಿನ ಪೊಟ್ಟಣಗಳ ಮೇಲೆಯೇ ಈ ವಿಷಯ ಮುದ್ರಿಸಿತು. ಬೆಳಗಿನ ಹಾಲು ಬಗ್ಗಿಸುವಾಗ ಅಪ್ಪ, ಅಮ್ಮ, ಮಗು ಮೂವರ ಕಣ್ಣಿಗೂ ಅದೇ ಬೀಳುತ್ತಿತ್ತು. ನಮ್ಮಲ್ಲೂ ಹಾಲಿನ ಪೊಟ್ಟಣ ಪೇಟೆಯ ಮನೆಮನೆಗೆ ಬರುತ್ತದೆ. ಅದರ ಮೇಲೆ ಹಬ್ಬದ ಶುಭಾಶಯ ಅಚ್ಚಾಗುವ ಜಾಗದಲ್ಲಿ ಇಂಥ ಎರಡು ಸಾಲು ಬಂದರೆ ಎಷ್ಟು ಒಳ್ಳೆಯದು.

ನಮ್ಮ ಕೇರಿಯಲ್ಲಿ ನಡೆದ ಇನ್ನೊಂದು ಸಂಗತಿ ಹೇಳಬೇಕು. ಬೇಸಿಗೆಯಲ್ಲಿ ಅಪ್ಪೆಮಿಡಿ ಬಿಡುವ ಕಾಲಕ್ಕೆ ಹುಡುಗರ ಕೈಯಲ್ಲಿ ಕಲ್ಲು ನಿಲ್ಲುವುದಿಲ್ಲ. ಮಾವಿನ ಮರಕ್ಕೆ ಬೀಸಿದ ಕಲ್ಲು ಒಂದು ದಿನ ಆಚೆಮನೆಯ ಕೊಟ್ಟಿಗೆಯ ಹೆಂಚಿಗೆ ಬಿತ್ತು. ಎರಡು ಹೆಂಚು ಪುಡಿ. ಒಡೆದ ಹುಡುಗನ ಅಪ್ಪ ಸಿಟ್ಟಿನ ಮನುಷ್ಯನೇ. ಆದರೆ ಅಂದು ಕೈ ಎತ್ತಲಿಲ್ಲ. ನಮ್ಮಲ್ಲಿ ಹೆಂಚು ಎಲ್ಲಿದೆ ಹುಡುಕು ಎಂದ. ಮಗ ಕಟ್ಟಿಗೆಮನೆಯ ಹಿಂದೆ ಪೇರಿಸಿಟ್ಟ ಹಳೆಯ ಹೆಂಚಿನಲ್ಲಿ ಎರಡು ಗಟ್ಟಿ ಇದ್ದದ್ದನ್ನು ಆರಿಸಿ ತೊಳೆದ. ಅಪ್ಪ ಏಣಿ ಹೊತ್ತ, ಮಗ ಹೆಂಚು ಹೊತ್ತ. ಆಚೆಮನೆಯ ಅಂಗಳದಲ್ಲಿ ನಿಂತು ಹೇಳಬೇಕಾದ ಮಾತನ್ನು ದಾರಿಯಲ್ಲೇ ಅಪ್ಪ ಕಲಿಸಿಕೊಟ್ಟಿದ್ದ. "ಹೆಂಚು ಒಡದ್ದು ಆನೇ. ಬೇರೆ ತಗಬೈಂದಿ" ಎಂದು ಹುಡುಗ ನೆಲ ನೋಡುತ್ತ ಒಪ್ಪಿಸಿದ. ಅಪ್ಪ ಮೇಲೆ ಹತ್ತಿದ, ಮಗ ಒಂದೊಂದಾಗಿ ಹೆಂಚು ಎತ್ತಿಕೊಟ್ಟ. ಹೆಂಚು ಕೂತ ಮೇಲೆ ಆ ಮನೆಯ ಹೆಂಗಸು ಇಬ್ಬರಿಗೂ ಬೆಲ್ಲ, ನೀರು ತಂದಿಟ್ಟಳು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನನಗೆ ಮುಖ್ಯವೆನಿಸುವುದು ಮುಂದಿನದು. ಕಲ್ಲು ಬೀಸಬೇಡ ಎಂದ ಮೇಲೆ ಮಾವಿನಮಿಡಿ ಬೇಕೆಂಬ ಆಸೆ ಎಲ್ಲಿಗೆ ಹೋಗಬೇಕು? ಅಪ್ಪ ಮಿಡಿ ಕೊಯ್ಯುವವರ ಜೊತೆ ಅವನನ್ನು ಕಳಿಸಿದ. ಮಿಡಿ ಕೊಯ್ಯುವುದು ನಾಜೂಕಿನ ಕೆಲಸ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ತಾನು ಕೊಳೆಯುವುದಲ್ಲದೆ ಉಳಿದವನ್ನೂ ಕೆಡಿಸುತ್ತದೆ. ಅದಕ್ಕೇ ತೊಟ್ಟು ಸಮೇತ ಕೊಯ್ದು, ಚೀಲಕ್ಕೆ ಹಾಕಿ, ಹಗ್ಗ ಕಟ್ಟಿ ಮೆಲ್ಲನೆ ಇಳಿಸುತ್ತಾರೆ. ಕೆಳಗೆ ನಿಂತು ಆ ಚೀಲ ಹಿಡಿದುಕೊಳ್ಳುವ ಕೆಲಸ ಹುಡುಗನಿಗೆ ಬಂತು. ಕಲ್ಲಿನ ಪೆಟ್ಟು ತಿಂದ ಮಿಡಿ ಯಾಕೆ ನಿರುಪಯೋಗಿ ಎಂಬುದು ಆ ಒಂದು ಮಧ್ಯಾಹ್ನ ಅವನ ಕೈಗೇ ತಿಳಿಯಿತು. ಒಡೆದದ್ದನ್ನು ಸರಿಮಾಡಿದ್ದಾಯಿತು, ಬೇಕಾದದ್ದನ್ನು ಪಡೆಯುವ ಒಳ್ಳೆಯ ದಾರಿಯೂ ಸಿಕ್ಕಿತು. ಈ ಎರಡೂ ಜೊತೆಗಿದ್ದರೆ ಮಾತ್ರ ತಿದ್ದಿದಂತೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇಷ್ಟೆಲ್ಲ ಹೇಳುವುದು ಸುಲಭ, ಸಮಯ ಎಲ್ಲಿದೆ ಎಂದು ಅತ್ತಿಗೆ ಕೇಳುತ್ತಾಳೆ. ಅವಳ ಮಾತಿನಲ್ಲಿ ನ್ಯಾಯವಿದೆ. ಮಕ್ಕಳಿಗೆ ಏಟು ಬೀಳುವ ಹೊತ್ತು ಯಾವುದು ನೋಡಿ. ಒಲೆಯ ಮೇಲೆ ಅನ್ನ ಉಕ್ಕುತ್ತಿರುತ್ತದೆ, ಕೊಟ್ಟಿಗೆಯಲ್ಲಿ ಕರು ಕಣ್ಣಿ ಕಳಚಿಕೊಂಡಿರುತ್ತದೆ, ಕೊನೆಕೊಯ್ಲಿನ ಆಳುಗಳಿಗೆ ಹತ್ತು ಗಂಟೆಯ ಆಸರಿ ಹೋಗಬೇಕಾಗಿರುತ್ತದೆ, ಆಗ ಇಬ್ಬರು ಮಕ್ಕಳು ಒಂದು ಪೆನ್ಸಿಲಿಗೆ ಜುಟ್ಟು ಹಿಡಿದುಕೊಳ್ಳುತ್ತಾರೆ. ಆ ಗಳಿಗೆಯಲ್ಲಿ ಬದಲಿ ದಾರಿ ಹೊಳೆಯಲಿ ಎಂದು ಹೆಂಗಸರನ್ನು ಒತ್ತಾಯಿಸುವುದು ಇನ್ನೊಂದು ದಬ್ಬಾಳಿಕೆ. ಗಂಡಸರು ಜಗಲಿಯಲ್ಲಿ ಕವಳ ಹಾಕುತ್ತ ಕುಳಿತು "ಅದಕ್ಕೊಂದು ಬುದ್ಧಿ ಹೇಳು" ಎಂದು ಒಳಗೆ ಕೂಗುವ ಮನೆಯಲ್ಲಿ ಯಾವ ಒಳ್ಳೆಯ ವಿಧಾನವೂ ನಡೆಯುವುದಿಲ್ಲ. ಮಗುವನ್ನು ತಿದ್ದುವುದು ಅಡುಗೆಮನೆಯ ಕೆಲಸವೆಂದು ತಿಳಿದಿರುವ ತನಕ ಏಟು ತಪ್ಪದು.

ಅದಕ್ಕೆ ನನಗೆ ತೋಚುವ ಉಪಾಯವೆಂದರೆ, ಯಾವಾಗ ಗಲಾಟೆಯಾಗುತ್ತದೆಂದು ಗೊತ್ತಿದೆಯೋ ಅದಕ್ಕೆ ಮೊದಲೇ ಮಾತಾಡಿಕೊಂಡಿರುವುದು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಆಟಿಕೆಯ ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳುವ ಮಗುವನ್ನು ನೋಡದವರಿಲ್ಲ. ಆ ಜನಜಂಗುಳಿಯಲ್ಲಿ ಬುದ್ಧಿ ಹೇಳಿದರೆ ಯಾರ ಕಿವಿಗೆ ಬಿದ್ದೀತು? ನನ್ನ ಗೆಳತಿಯೊಬ್ಬಳು ಮನೆಯಿಂದ ಹೊರಡುವ ಮೊದಲೇ ಮಗಳ ಕೈಗೆ ನೂರು ರೂಪಾಯಿ ಕೊಟ್ಟುಬಿಡುತ್ತಾಳೆ. ಹಣ ನಿನ್ನದು, ಆರಿಸುವುದು ನೀನು, ಮುಗಿದರೆ ಮುಗಿಯಿತು. ಆ ಕೂಸು ಅಂಗಡಿಯಿಂದ ಅಂಗಡಿಗೆ ದರ ಕೇಳುತ್ತ, ಬಳೆಯೋ ಬಲೂನೋ ಎಂದು ಲೆಕ್ಕ ಹಾಕುತ್ತ ಜಾತ್ರೆ ತಿರುಗುವುದನ್ನು ನೋಡುವುದೇ ಚೆಂದ. ಅತ್ತು ಪಡೆಯುವ ಬದಲು ಆರಿಸಿ ಪಡೆಯುವುದು ಅವಳಿಗೆ ಬಂದಿದೆ. ಮೊಬೈಲಿನದೂ ಇದೇ ಕತೆ. ಕಸಿದುಕೊಂಡರೆ ಕೈ ಖಾಲಿಯಾಗುತ್ತದೆ, ಖಾಲಿ ಕೈಗೆ ಏನು ಕೊಡುತ್ತೇವೆಂದು ಕಸಿಯುವ ಮೊದಲೇ ಯೋಚಿಸಿರಬೇಕು.

ಎಲ್ಲದಕ್ಕೂ ಈ ಸಮಾಧಾನ ನಡೆಯುವುದಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ಕದಡಿಟ್ಟ ಡ್ರಮ್ಮಿಗೆ ಮಗು ಕೈ ಹಾಕಲು ಹೋದರೆ, ತುಂಬಿ ಹರಿಯುವ ಹಳ್ಳದ ಸಂಕದ ಮೇಲೆ ಒಂಟಿಯಾಗಿ ಹೆಜ್ಜೆಯಿಟ್ಟರೆ, ರಟ್ಟೆ ಹಿಡಿದು ಎಳೆಯುವುದೇ ಮೊದಲು. ಬೇಡ್ತಿ ಹೊಳೆ ಸುಮಾರು 200 ಮೀಟರ್ ಆಳಕ್ಕೆ ಧುಮುಕುವ ಮಾಗೋಡು ಜಲಪಾತದ ಬೇಲಿ ಹತ್ತುವ ಮಗುವಿನೊಡನೆ ಚರ್ಚೆ ಸಲ್ಲದು. ಗಟ್ಟಿ ದನಿಯೂ ಗಟ್ಟಿ ಹಿಡಿತವೂ ಅಲ್ಲಿ ಬೇಕು. ಆದರೆ ಎಳೆದು ತಂದ ಮೇಲೆ ಹೊಡೆಯುವ ಅಗತ್ಯ ಇರುವುದಿಲ್ಲ. ಹೆದರಿದ್ದು ನಾವು. ನಮ್ಮ ಹೆದರಿಕೆಯ ಬೆಲೆಯನ್ನು ಮಗುವಿನ ಬೆನ್ನು ಯಾಕೆ ತೆರಬೇಕು?

ಶಾಲೆಯಲ್ಲಿ ಇದೇ ವಿಚಾರ ದೊಡ್ಡದಾಗಿ ನಡೆದದ್ದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭಿಸಿದರು. ಆಂಧ್ರದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಪ್ರಯೋಗ ಅವರಿಗೆ ಪ್ರೇರಣೆ. 2009–10ರ ಹೊತ್ತಿಗೆ ಅದು ಇಡೀ ರಾಜ್ಯದ ಚಿಕ್ಕ ತರಗತಿಗಳಿಗೆ ಬಂತು. ನಮ್ಮ ಕಾಲದಲ್ಲಿ ಎದ್ದು ಓಡಾಡಿದರೆ, ಪಕ್ಕದವನ ಜೊತೆ ಮಾತಾಡಿದರೆ ಬೆತ್ತ ಬೀಳುತ್ತಿತ್ತು. ನಲಿ-ಕಲಿಯ ಕೋಣೆಯಲ್ಲಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಎದ್ದುಹೋಗಿ ತನ್ನ ಕಾರ್ಡು ತಂದು, ಗುಂಪಿನಲ್ಲಿ ಕುಳಿತು ಗೆಳೆಯನಿಂದಲೇ ಹೇಳಿಸಿಕೊಳ್ಳಬೇಕು. ಆರು ವರ್ಷದ ಮಗು ಮಾಡದೆ ಇರಲಾರದ ಎರಡು ಕೆಲಸಗಳನ್ನು, ಓಡಾಟವನ್ನು ಮತ್ತು ಮಾತನ್ನು, ಪಾಠದ ಭಾಗ ಮಾಡಿದ ಮೇಲೆ ಅವು ತಪ್ಪಾಗಿ ಉಳಿಯಲಿಲ್ಲ. ಇದಕ್ಕೂ ಕೊರತೆಗಳಿವೆ, ಒಬ್ಬರೇ ಶಿಕ್ಷಕರು ಮೂರು ತರಗತಿ ಹಿಡಿಯುವ ಕಷ್ಟವಿದೆ. ಆದರೂ ತರಗತಿಯ ಶಿಸ್ತಿನ ಬಗ್ಗೆ ಕನ್ನಡನಾಡಿನ ಶಿಕ್ಷಕರು ಕಂಡುಕೊಂಡ ದೊಡ್ಡ ಉತ್ತರ ಇದು ಎಂದೇ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ನನ್ನ ಮನಸ್ಸು ಕಲಕಿದ ಸಂಗತಿ ಇನ್ನೊಂದಿದೆ. ಯಲ್ಲಾಪುರ ಸೀಮೆಯ ಶಾಲೆಗಳಲ್ಲಿ ಹವ್ಯಕರ, ಮರಾಠಿಗರ, ಕುಣಬಿಯರ, ಗೌಳಿಗರ, ಸಿದ್ದಿಯರ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಬಿಸಿಯೂಟ ಉಣ್ಣುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಸಿದ್ದಿಯರ ಹಿರಿಯರು. ಒಂದು ಶಾಲೆಯಲ್ಲಿ ನಮ್ಮ ಬಳಗದ ಹುಡುಗನೊಬ್ಬ ಸಿದ್ದಿ ಹುಡುಗನ ಕೂದಲನ್ನು ಆಡಿಕೊಂಡು ಅಡ್ಡಹೆಸರಿಟ್ಟು ಕರೆದ. ಉಳಿದವರು ನಕ್ಕರು. ಆ ಹುಡುಗ ಮಾರನೆಯ ದಿನ ಶಾಲೆಗೆ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ.

ಅಲ್ಲಿನ ಅಕ್ಕೋರು ಬೈದು ಮುಗಿಸಲಿಲ್ಲ. ಮೊದಲು ಸಿದ್ದಿ ಹುಡುಗನ ಮನೆಗೆ ನಡೆದು ಹೋದರು. ಏನಾಗಬೇಕು ಮಗಾ ಎಂದು ಅವನನ್ನೇ ಕೇಳಿದರು. ಅವನಿಗೆ ಯಾರ ಮೇಲೂ ಹಗೆ ತೀರಿಸಬೇಕಿರಲಿಲ್ಲ. ಎಲ್ಲರೂ ತನ್ನನ್ನು ತನ್ನ ಹೆಸರಿನಿಂದ ಕರೆಯಬೇಕು ಎಂದಷ್ಟೇ ಹೇಳಿದ. ಅಕ್ಕೋರು ತರಗತಿಯಲ್ಲಿ ಅದನ್ನೇ ನಿಯಮ ಮಾಡಿದರು. ಯಾರಿಗೂ ಅಡ್ಡಹೆಸರಿಲ್ಲ, ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳಿಯಬೇಕು. ಆಡಿಕೊಂಡವನಿಗೆ ಒಂದು ಕೆಲಸ ಕೊಟ್ಟರು. ಶಾಲೆಯ ಗ್ಯಾದರಿಂಗಿಗೆ ಸಿದ್ದಿಯರ ಡಮಾಮಿ ಕುಣಿತ ಇತ್ತು, ಸಿದ್ದಿ ಹುಡುಗನ ಬಳಿ ಕುಳಿತು ಡಮಾಮಿಯ ಪೆಟ್ಟು ಕಲಿಯಬೇಕು. ಕಲಿಸಲು ಒಪ್ಪಿಗೆಯೇ ಎಂದು ಆ ಹುಡುಗನನ್ನೂ ಕೇಳಿದರು. ಒಪ್ಪಿದ. ವಾರಗಟ್ಟಲೆ ನಮ್ಮವನ ಕೈಗೆ ಲಯ ಕೂಡಲಿಲ್ಲ, ಸಿದ್ದಿ ಹುಡುಗ ಬೆರಳು ಹಿಡಿದು ತಿದ್ದಿದ. ಗ್ಯಾದರಿಂಗಿನ ರಾತ್ರಿ ಇಬ್ಬರೂ ಒಟ್ಟಿಗೆ ಬಾರಿಸಿದರು.

ಆ ಅಡ್ಡಹೆಸರು ಹುಡುಗನಿಗೆ ಎಲ್ಲಿಂದ ಬಂತು? ಜಗಲಿಯಿಂದ ಬಂತು. ದೊಡ್ಡವರು ಹಗುರವಾಗಿ ಆಡುವ ಮಾತು ಮಗುವಿನ ಬಾಯಿಯಲ್ಲಿ ಶಾಲೆಗೆ ಹೋಗಿತ್ತು. ಹಾಗಿದ್ದ ಮೇಲೆ ಮಗುವಿಗಷ್ಟೇ ಬೇರೆ ಮಾತು ಕಲಿಸಿದರೆ ಸಾಲದು. ಇದೇ ತಾಲ್ಲೂಕಿನ ಹಿತ್ಲಳ್ಳಿಯ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿಯಾದರು. 2003ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಜಗಲಿಯಲ್ಲಿ ಸಿದ್ದಿಯರ ಸುದ್ದಿ ಬಂದಾಗ ಇವುಗಳ ಮಾತೂ ಬರಲಿ. ಮಕ್ಕಳು ನಾವು ಹೇಳಿಕೊಟ್ಟದ್ದಕ್ಕಿಂತ ನಾವು ಆಡಿಕೊಂಡದ್ದನ್ನು ಬೇಗ ಹಿಡಿಯುತ್ತಾರೆ.

ಸುಳ್ಳಿನ ವಿಷಯದಲ್ಲಿ ಮಾತ್ರ ಎಲ್ಲ ಮನೆಗಳಲ್ಲೂ ಒಂದೇ ತಪ್ಪು ನಡೆಯುತ್ತಿದೆ. ಅಂಗಡಿಗೆ ಕಳಿಸಿದ ಹಣದಲ್ಲಿ ಹತ್ತು ರೂಪಾಯಿ ಕಳೆದುಕೊಂಡ ಮಗು ಸುಳ್ಳು ಹೇಳುವುದು ಯಾಕೆ? ನಿಜ ಹೇಳಿದಾಗಲೂ ಏಟು ಬಿದ್ದ ನೆನಪಿರುವುದಕ್ಕೆ. "ಕಳದು ಹೋತು ಹೇಳು, ಇಬ್ರೂ ಹುಡುಕನ" ಎಂಬ ಒಂದು ಮಾತನ್ನು ಮೊದಲೇ ಹೇಳಿಟ್ಟರೆ ಮಗುವಿಗೆ ನಿಜ ಹೇಳುವ ಬಾಗಿಲು ತೆರೆದಿರುತ್ತದೆ. ಹೇಳಿದ ಮೇಲೆ ನಾವು ನಿಜವಾಗಿಯೂ ಲಾಟೀನೋ ಬ್ಯಾಟರಿಯೋ ಹಿಡಿದು ದಾರಿಯುದ್ದ ಹುಡುಕಬೇಕು. ಆ ಹತ್ತು ರೂಪಾಯಿ ಸಿಗದೆ ಹೋದರೂ ಚಿಂತೆಯಿಲ್ಲ.

ಜೂನ್ ಬರುತ್ತದೆ, ಶಾಲೆ ಬಾಗಿಲು ತೆರೆಯುತ್ತದೆ. ಮಗುವನ್ನು ಸೇರಿಸಲು ಹೋದಾಗ "ನಮ್ಮ ಮಾಣಿ ಬಾಳ ತಂಟೆ, ನಾಕು ಬಾರಿಸಿ, ನಾವೇನೂ ಕೇಳೂದಿಲ್ಲ" ಎಂದು ಮಾಸ್ತರರಿಗೆ ಹೇಳಿ ಬರುವ ರೂಢಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಈ ವರ್ಷ ಆ ಮಾತು ಬಿಡಿ. ಮಗುವಿಗೆ ಯಾವ ಕೆಲಸ ಕೊಟ್ಟರೆ ಖುಷಿ, ಯಾವುದಕ್ಕೆ ಹೆದರುತ್ತದೆ, ಸಿಟ್ಟು ಬಂದಾಗ ಹೇಗೆ ಸಮಾಧಾನವಾಗುತ್ತದೆ, ಈ ಮೂರನ್ನು ಅದರ ಎದುರಿಗೇ ಮಾಸ್ತರರಿಗೆ ಹೇಳಿ ಬನ್ನಿ.